ಶುಕ್ರವಾರ ಒತ್ತಿದ್ದು, ಶನಿವಾರ ಬಂದದ್ದು

ಇದನ್ನು ಬರೆಯಲು ಕುಳಿತದ್ದು ಇದು ಮೊದಲ ಸಲವಲ್ಲ. ಹಿಂದೆ ಮೂರು ನಾಲ್ಕು ಬಾರಿ ಕುಳಿತು ಎದ್ದಿದ್ದೇನೆ. ಒಮ್ಮೆ ಕಣ್ಣಿನ ಪೊರೆಯ ಆಪರೇಷನ್ ಮುಗಿಯಲಿ ಎಂದು ಬಿಟ್ಟೆ. ಒಮ್ಮೆ ಬೇಸಿಗೆ ಕಳೆಯಲಿ ಎಂದು ಬಿಟ್ಟೆ. ಇನ್ನೊಮ್ಮೆ ಎರಡು ಪುಟ ಬರೆದು ಓದಿ ನೋಡಿದರೆ ಅದರಲ್ಲಿ ನನ್ನದು ಏನೂ ತಪ್ಪಿರಲಿಲ್ಲ, ಎಲ್ಲವೂ ಮಷಿನ್ನಿನ ತಪ್ಪಾಗಿತ್ತು. ಆ ಹಾಳೆಗಳನ್ನು ಹರಿದು ನೀರೊಲೆಗೆ ಹಾಕಿದೆ. ಈಗ ನನಗೆ ಎಪ್ಪತ್ತೈದು ದಾಟಿದೆ. ಮುಂದೂಡುವುದಕ್ಕೆ ಕಾರಣಗಳು ಇನ್ನೂ ಸಿಗುತ್ತವೆ, ದಿನಗಳು ಸಿಗುವ ಭರವಸೆಯಿಲ್ಲ.

ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಬೇರೆಯವರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತು, ಹನ್ನೆರಡು ವರ್ಷ ಅಲ್ಲೇ ಸವೆದು, ಆಮೇಲೆ ಸ್ವಂತ ಬೋರ್ಡು ಹಾಕಿದವನು ನಾನು. ಬೀಜದ ಅಂಗಡಿಗಳ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಸತ್ತವರ ಶಿವಗಣಾರಾಧನೆಗೆ ಕರೆಯುವ ಕಾರ್ಡು, ಇವೇ ನಮ್ಮ ಕೆಲಸ. ಸೀಸದ ಮೊಳೆಗಳ ಕಾಲ ಮುಗಿದಾಗ ನಾನೂ ಒಂದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ತಂದಿಟ್ಟೆ. ತಂದಿಟ್ಟೆನೇ ಹೊರತು ಅದರ ಮುಂದೆ ಕೂರಲು ನನಗೆ ಧೈರ್ಯವಿರಲಿಲ್ಲ. ಮೊಳೆಯಾದರೆ ಕೈಗೆ ಸಿಗುತ್ತದೆ. ಇದರಲ್ಲಿ ಅಕ್ಷರ ಎಲ್ಲಿರುತ್ತದೆ, ಎಲ್ಲಿಂದ ಬರುತ್ತದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ನನಗೊಬ್ಬ ತಂಗಿ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಬ್ಯಾಡಗಿಗೆ ಕೊಟ್ಟಿದ್ದೆವು. ಅವಳ ಗಂಡ ಮೆಣಸಿನಕಾಯಿ ಪೇಟೆಯಲ್ಲಿ ತೂಕದ ಕೆಲಸ ಮಾಡುತ್ತಿದ್ದ. ಕಾಮಾಲೆ ಬಂದು ಮೂರೇ ವಾರದಲ್ಲಿ ಹೋಗಿಬಿಟ್ಟ. ಅವಳಿಗಾಗ ಮೂವತ್ತೆಂಟು. ಮಕ್ಕಳಿರಲಿಲ್ಲ. ಅತ್ತೆಯ ಜೊತೆ ಆ ಮನೆಯಲ್ಲೇ ಉಳಿದಳು. ವರ್ಷ ಕಳೆದ ಮೇಲೆ ಒಂದು ದಿನ ನಮ್ಮ ಮನೆಗೆ ಬಂದು, ಊಟಕ್ಕೆ ಕುಳಿತಲ್ಲೇ ಕೇಳಿದಳು.

“ಅಣ್ಣಾ, ಮನ್ಯಾಗ ಕುಂತು ಕುಂತು ತಲಿ ಕೆಟ್ಟು ಹೋಗಾಕತ್ತೈತಿ. ನಿನ್ನ ಕಂಪ್ಯೂಟರ್ ಮುಂದ ನನ್ನ ಕುಂದರಸು. ಕಲೀತೀನಿ.”

“ನಿನ್ನ ಕೈಲೆ ಆಗತೈತೇನು ಅದು?”

“ಎಸ್ಸೆಸ್ಸೆಲ್ಸಿಯಾಗ ನಿನಗಿಂತ ನನಗ ಮಾರ್ಕ್ಸ್ ಹೆಚ್ಚಿಗಿ ಬಂದಿದ್ವು. ಮರತಿಯೇನು?”

ನನ್ನ ಹೆಂಡತಿ ನಕ್ಕಳು. ನಾನೂ ನಕ್ಕು ಒಪ್ಪಿದೆ. ಆದರೆ ಒಂದು ಮಾತು ಹೇಳಿದೆ. ಅಂಗಡಿಯಲ್ಲಿ ಗಿರಾಕಿಗಳ ಮುಂದೆ ನನ್ನನ್ನು ಅಣ್ಣ ಎನ್ನಬಾರದು.

“ಮತ್ತೇನನ್ಲಿ? ಸಾಹೇಬ್ರ ಅನ್ಲೇನು?”

“ಮಾಲಕರ ಅನ್ನು. ಸಾಕು.”

“ಆತ್ರಿ ಮಾಲಕರ,” ಎಂದು ಎಂಜಲ ಕೈಯಿಂದಲೇ ನಮಸ್ಕಾರ ಮಾಡಿದಳು.

ಯಾಕೆ ಹಾಗೆ ಹೇಳಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಅಂಗಡಿಯಲ್ಲಿ ಶಿಸ್ತು ಇರಬೇಕು ಎಂದು ಏನಾದರೂ ಹೇಳುತ್ತಿದ್ದೆ. ನಿಜ ಬೇರೆ ಇತ್ತು. ಗಂಡ ಸತ್ತ ತಂಗಿಯನ್ನು ದುಡಿಯಲು ಹಚ್ಚಿದ್ದಾನೆ ಎಂದು ಪೇಟೆಯ ಮಂದಿ ಆಡಿಕೊಳ್ಳುತ್ತಾರೆಂಬ ಅಳುಕು ಒಂದು. ಲಗ್ನಪತ್ರಿಕೆಯ ಅಂಗಡಿಯಲ್ಲಿ ಬರಿ ಹಣೆಯ ಹೆಣ್ಣುಮಗಳು ಕುಳಿತರೆ ಯಾರಾದರೂ ಏನಾದರೂ ಅಂದಾರು, ಅಂದರೆ ಅದು ನನ್ನ ಮನೆತನಕ್ಕೆ ತಗಲಬಾರದು ಎಂಬುದು ಇನ್ನೊಂದು. ಅದನ್ನೆಲ್ಲ ನಾನು ನಂಬುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ನಂಬದವನು, ಅವಳು ನನ್ನವಳಲ್ಲ ಎನ್ನುವುದಕ್ಕೆ ಮೊದಲೇ ತಯಾರಿ ಮಾಡಿಕೊಂಡಿದ್ದೆ.

ಅವಳು ದಿನಾ ಬೆಳಿಗ್ಗೆ ಬ್ಯಾಡಗಿಯಿಂದ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದಳು, ಸಂಜೆಯ ಗಾಡಿಗೆ ಹೋಗುತ್ತಿದ್ದಳು. ಮೊದಲ ಕೆಲವು ದಿನ ಅವಳ ಸೀರೆಯಿಂದ ಮೆಣಸಿನಕಾಯಿಯ ಘಾಟು ಬಂದು ನಾನು ಸೀನುತ್ತಿದ್ದೆ. “ನಮ್ಮೂರಿನ ನಮಸ್ಕಾರ ಅದು,” ಎನ್ನುತ್ತಿದ್ದಳು. ಆರು ತಿಂಗಳಿಗೆ ಕನ್ನಡ ಟೈಪಿಂಗು, ಕಾರ್ಡಿನ ಚೌಕಟ್ಟು, ಫೋಟೊ ಕೂರಿಸುವುದು ಎಲ್ಲ ಅವಳ ಕೈಗೆ ಬಂತು. ಗಿರಾಕಿಗಳಿಗೆ ಅವಳು ‘ಆಪರೇಟರ್’. ನಾನೂ ಹಾಗೆಯೇ ಕರೆಯುತ್ತಿದ್ದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಕಲಿ ಸಿ.ಡಿ.ಯಿಂದ ಹಾಕಿದ ಸಾಫ್ಟ್‌ವೇರ್ ಇಟ್ಟುಕೊಂಡ ಅಂಗಡಿಗಳನ್ನು ತಪಾಸಣೆ ಮಾಡುತ್ತಾರಂತೆ ಎಂಬ ಸುದ್ದಿ ಪೇಟೆಯಲ್ಲಿ ಹಬ್ಬಿತು. ನಮ್ಮದೂ ನಕಲಿಯೇ. ನಾನು ಎರಡು ದಿನ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಕುಳಿತೆ. ಆಗ ಹಾವೇರಿಯಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರೊಬ್ಬರು, ತಮ್ಮ ಸಂಸ್ಥೆಯ ಹ್ಯಾಂಡ್‌ಬಿಲ್ಲು ಮಾಡಿಸಲು ಬಂದವರು, ಲಿನಕ್ಸ್ ಎಂಬ ಬೇರೊಂದು ಸಾಫ್ಟ್‌ವೇರಿನ ಬಗ್ಗೆ ಹೇಳಿದರು. ಅದನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಂಚಬಹುದು, ಬಿಚ್ಚಿ ನೋಡಿ ತಿದ್ದಲೂಬಹುದು, ಯಾರ ಪರವಾನಿಗೆಯೂ ಬೇಡ ಎಂದರು. ನನಗೆ ಪರವಾನಿಗೆ ಬೇಡ ಎಂಬುದಷ್ಟೇ ಕೇಳಿಸಿತು. ತಂಗಿಗೆ ಬಿಚ್ಚಿ ನೋಡಬಹುದು ಎಂಬುದು ಕೇಳಿಸಿತು.

ಒಂದು ಭಾನುವಾರ ಮಾಸ್ತರರು ಬಂದು ಅದನ್ನು ಹಾಕಿಕೊಟ್ಟು ಹೋದರು. ಕಂಪ್ಯೂಟರ್ ಚೆನ್ನಾಗಿಯೇ ನಡೆಯಿತು. ನಡೆಯದಿದ್ದದ್ದು ಪ್ರಿಂಟರ್. ಅದರ ಜೊತೆ ಬಂದ ಸಿ.ಡಿ. ಹಳೆಯದಕ್ಕೆ ಮಾತ್ರ ಆಗುತ್ತಿತ್ತು. ಹೊಸದರಲ್ಲಿ ಪ್ರಿಂಟರುಗಳ ಉದ್ದನೆಯ ಪಟ್ಟಿ ಇತ್ತು. ಅದರಲ್ಲಿ ಕಂಪನಿಯ ಹೆಸರು ಇತ್ತು, ನಮ್ಮ ಮಷಿನ್ನಿನ ನಂಬರು ಇರಲಿಲ್ಲ. ಹತ್ತಿರದ ನಂಬರೊಂದನ್ನು ಆರಿಸಿ ತಂಗಿ ಪರೀಕ್ಷೆಯ ಹಾಳೆ ತೆಗೆದಳು. ಹಾಳೆಯ ತಲೆಯಲ್ಲಿ ಒಂದೇ ಒಂದು ಸಾಲು, ಯಾವ ಭಾಷೆಯೂ ಅಲ್ಲದ ಗೀಟು, ಚುಕ್ಕಿ, ನಕ್ಷತ್ರ. ಅದರ ಹಿಂದೆ ಇನ್ನೊಂದು ಹಾಳೆ, ಇನ್ನೊಂದು. ಸ್ವಿಚ್ ಆರಿಸಿ ಮತ್ತೆ ಹಾಕಿದರೆ ಬಿಟ್ಟಲ್ಲಿಂದಲೇ ಶುರು. ಟ್ರೇಯಲ್ಲಿದ್ದ ಹಾಳೆಯೆಲ್ಲ ಮುಗಿಯುವವರೆಗೂ ಅದು ನಿಲ್ಲಲಿಲ್ಲ.

“ಹುಚ್ಚು ಹಿಡದೈತಿ ಇದಕ್ಕ,” ಎಂದೆ.

“ಹುಚ್ಚಲ್ಲ ಅಣ್ಣಾ. ನಾವು ಹೇಳಿದ್ದು ಅದಕ್ಕ ತಿಳೀವಲ್ದು. ನಡುವ ಒಬ್ಬ ದುಭಾಷಿ ಬೇಕು.”

ಅಂಗಡಿಯಲ್ಲಿ ಯಾರೂ ಇಲ್ಲದಾಗ ಅವಳು ಅಣ್ಣ ಎನ್ನುತ್ತಿದ್ದಳು.

ದುಭಾಷಿಯನ್ನು ಹುಡುಕಿಕೊಂಡು ಎರಡು ಭಾನುವಾರ ಹಾವೇರಿಗೆ ಹೋದಳು. ಮಾಸ್ತರರು ನಮ್ಮ ಮಷಿನ್ನಿಗೆ ಹೊಂದುವ, ಡ್ರೈವರ್ ಎಂಬ ಆ ದುಭಾಷಿಯನ್ನು ಇಂಟರ್ನೆಟ್ಟಿನಿಂದ ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟರು. ಅದನ್ನು ಸೇರಿಸಿದ ಮೇಲೆ ಹಾಳೆ ಸರಿಯಾಗಿ ಬಂತು, ಆದರೆ ಕನ್ನಡದ ಒತ್ತಕ್ಷರಗಳು ಕಳಚಿ ಪಕ್ಕದಲ್ಲಿ ಬಿದ್ದಿದ್ದವು. ಮತ್ತೆ ಒಂದು ವಾರ ಫಾಂಟುಗಳ ಜೊತೆ ಗುದ್ದಾಟ. ಕೊನೆಗೆ ಒಂದು ಮಧ್ಯಾಹ್ನ ನಮ್ಮ ಪ್ರೆಸ್ಸಿನ ವಿಳಾಸ ಒಂದು ಕಾಗುಣಿತವೂ ಕೆಡದೆ ಹಾಳೆಯ ಮೇಲೆ ಇಳಿಯಿತು. ಅವಳು ಆ ಬಿಸಿ ಹಾಳೆಯನ್ನು ಎತ್ತಿ ಗಲ್ಲಕ್ಕೆ ಹಿಡಿದುಕೊಂಡಳು. ಗಂಡ ಹೋದ ಮೇಲೆ ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿರಲಿಲ್ಲ. ಆ ಮಷಿನ್ ನನ್ನದಾಗಿತ್ತು. ಅದು ಮಾತು ಕೇಳುತ್ತಿದ್ದುದು ಅವಳದು. ಅವಳಿಗೆ ಬೇರೇನೂ ಇರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಾಡಿದ್ದನ್ನೆಲ್ಲ ಅವಳು ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ಪ್ರಿಂಟರಿಗೆ ಒಂದು ಗುಣವಿತ್ತು. ಕೆಲಸದ ನಡುವೆ ಕೇಬಲ್ ಸಡಿಲಾದರೆ ಕಂಪ್ಯೂಟರ್ ಅದನ್ನು ‘ನಿಂತಿದೆ’ ಎಂದು ಗುರುತು ಹಾಕಿಬಿಡುತ್ತಿತ್ತು. ಆಮೇಲೆ ಕೇಬಲ್ ಗಟ್ಟಿ ಮಾಡಿದರೂ ತಾನಾಗಿ ಶುರುವಾಗುತ್ತಿರಲಿಲ್ಲ. ಪರದೆಯ ಮೇಲೆ ಪ್ರಿಂಟರಿನದೇ ಒಂದು ಪುಟ ತೆರೆದು, ಅಲ್ಲಿ ಮತ್ತೆ ಚಾಲೂ ಮಾಡಬೇಕಿತ್ತು. ಅಲ್ಲಿಯವರೆಗೆ ಕೊಟ್ಟ ಕೆಲಸಗಳೆಲ್ಲ ಒಂದರ ಹಿಂದೊಂದು ಸಾಲಿನಲ್ಲಿ ಕಾಯುತ್ತ ನಿಂತಿರುತ್ತಿದ್ದವು.

“ಬರಲಿಲ್ಲ ಅಂತ ಮತ್ತ ಮತ್ತ ಒತ್ತಬ್ಯಾಡ ಅಣ್ಣಾ,” ಎಂದು ಅವಳು ನನಗೆ ಹೇಳಿದ್ದು ಹತ್ತು ಸಲವಾದರೂ ಆಗಿರಬೇಕು. “ಅದು ಮರಿಯಂಗಿಲ್ಲ. ಒತ್ತಿದ್ದಷ್ಟೂ ಇಟಗೊಂಡಿರತೈತಿ. ಚಾಲೂ ಮಾಡಿದ ಕೂಡ್ಲೇ ಎಲ್ಲಾ ಹೊರಗ ಹಾಕತೈತಿ.”

“ಹೂಂ, ಗೊತ್ತೈತಿ ಬಿಡು,” ಎನ್ನುತ್ತಿದ್ದೆ.

ಇನ್ನು ನಮ್ಮ ಅಂಗಡಿಯ ಒಂದು ರೂಢಿ ಹೇಳಬೇಕು. ಲಗ್ನಪತ್ರಿಕೆಯ ಮೊದಲ ಕಾರ್ಡು ದೇವರದು. ಉಳಿದ ಐದುನೂರೋ ಸಾವಿರವೋ ಆಮೇಲೆ ಆಫ್‌ಸೆಟ್ಟಿನಲ್ಲಿ ಆಗುತ್ತಿದ್ದವು, ಆದರೆ ಆ ಒಂದನ್ನು ಮನೆಯವರು ಒಳ್ಳೆಯ ಗಳಿಗೆ ನೋಡಿಕೊಂಡು ಬಂದು, ಎದುರು ನಿಂತು ಲೇಸರಿನಲ್ಲಿ ತೆಗೆಸಿಕೊಂಡು, ನಾಲ್ಕು ಮೂಲೆಗೆ ಅರಿಶಿಣ ಕುಂಕುಮ ಹಚ್ಚಿ, ನೇರವಾಗಿ ದೇವರ ಮುಂದೆ ಇಡಲು ಒಯ್ಯುತ್ತಿದ್ದರು. ಅದನ್ನು ತೆಗೆದುಕೊಡುತ್ತಿದ್ದವಳು ತಂಗಿಯೇ. ಅಷ್ಟು ವರ್ಷಗಳಲ್ಲಿ ಯಾರೂ ಏನೂ ಅಂದಿರಲಿಲ್ಲ. ಅವಳ ಹಣೆಯ ಮೇಲೆ ತೆಳ್ಳಗೆ ವಿಭೂತಿ ಇರುತ್ತಿತ್ತು. ಕಾರ್ಡಿನ ಮೇಲೆ ಕಣ್ಣಿಟ್ಟವರು ಹಣೆ ನೋಡುತ್ತಿರಲಿಲ್ಲ.

ಆ ಶುಕ್ರವಾರ ಸಂಜೆ ಅವಳು ಗಾಡಿಗೆ ಹೋದ ಮೇಲೆ ನಾನು ಎಂದಿನಂತೆ ಪೂಜೆಗೆ ಎದ್ದೆ. ಮೊಳೆಗಳ ಕಾಲದಿಂದಲೂ ಶುಕ್ರವಾರ ಮಷಿನ್ನುಗಳನ್ನು ಒರೆಸಿ, ಕುಂಕುಮ ಹಚ್ಚಿ, ಹೂವಿಟ್ಟು ಊದಿನಕಡ್ಡಿ ಬೆಳಗುವುದು ನನ್ನ ಪದ್ಧತಿ. ಪ್ರಿಂಟರನ್ನು ಸ್ವಲ್ಪ ಮುಂದಕ್ಕೆ ಎಳೆದು ಹಿಂಭಾಗದ ಧೂಳು ಒರೆಸಿದೆ. ಎಳೆಯುವಾಗ ಕೇಬಲ್ ಜಗ್ಗಿದ್ದು ನನ್ನ ಗಮನಕ್ಕೆ ಬರಲಿಲ್ಲ.

ಊದಿನಕಡ್ಡಿ ಇನ್ನೂ ಉರಿಯುತ್ತಿರುವಾಗಲೇ ಒಬ್ಬರು ಬಂದರು. ಅವರ ತಂದೆ ತೀರಿಕೊಂಡಿದ್ದರು. ಶಿವಗಣಾರಾಧನೆಯ ಕಾರ್ಡು ಹೇಗೆ ಬಂದಿದೆ ಎಂದು ಮನೆಯಲ್ಲಿ ತೋರಿಸಲು ಒಂದು ಪ್ರತಿ ಬೇಕಾಗಿತ್ತು. ಕಂಪ್ಯೂಟರಿನಲ್ಲಿ ಅದು ತೆರೆದೇ ಇತ್ತು. ನಾನು ಪ್ರಿಂಟ್ ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ಅವರು ನಿಂತು ನೋಡುತ್ತಿದ್ದರು. ಮಾಲಕನಿಗೇ ತನ್ನ ಮಷಿನ್ ಗೊತ್ತಿಲ್ಲವೆಂದು ತಿಳಿಯಬಾರದಲ್ಲ, ಮೂರನೆಯ ಸಲ ಒತ್ತಿದೆ, ನಾಲ್ಕನೆಯ ಸಲ ಒತ್ತಿದೆ. ಆಮೇಲೆ ಕೇಬಲ್ ಸಡಿಲಾದದ್ದು ಕಂಡು ಅದನ್ನು ಗಟ್ಟಿಯಾಗಿ ಚುಚ್ಚಿ ಐದನೆಯ ಸಲ ಒತ್ತಿದೆ. ಏನೂ ಬರಲಿಲ್ಲ. ಅಷ್ಟರಲ್ಲಿ ನೆನಪಾಯಿತು, ಒಂದು ಪ್ರತಿ ತೆಗೆದು ಡ್ರಾದಲ್ಲಿಟ್ಟಿದ್ದೇನೆ ಎಂದು ತಂಗಿ ಹೋಗುವಾಗ ಹೇಳಿದ್ದಳು. ಡ್ರಾ ಎಳೆದರೆ ಇತ್ತು. ಕೊಟ್ಟು ಕಳಿಸಿದೆ. ಕಂಪ್ಯೂಟರ್ ಆರಿಸಿ ಬಾಗಿಲು ಹಾಕಿದೆ. ಒತ್ತಿದ ಐದೂ ಸಲವನ್ನು ಅಲ್ಲೇ ಮರೆತೆ.

ಮರುದಿನ ಶನಿವಾರ. ಎಂಟೂಕಾಲಕ್ಕೇ ಒಂದು ಮನೆತನದವರು ಬಂದು ಕುಳಿತರು. ಮದುಮಗಳ ತಂದೆ, ತಾಯಿ, ತಂದೆಯ ಅಕ್ಕ. ಮೊದಲ ಕಾರ್ಡನ್ನು ಕದರಮಂಡಲಗಿಯ ಆಂಜನೇಯನ ಮುಂದೆ ಇಡಬೇಕೆಂದು ಹರಕೆ. ಒಂಬತ್ತಕ್ಕೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಕಾರ್ಡು ಕೈಗೆ ಬರಬೇಕು. ಅಂದೇ ಗಾಡಿ ತಡ. ತಂಗಿ ಸ್ಟೇಷನ್ನಿನಿಂದ ಓಡುತ್ತ ಒಳಗೆ ಬಂದಾಗ ಗಡಿಯಾರದಲ್ಲಿ ಎಂಟೂ ನಲವತ್ತು.

“ಏನವಾ ಆಪರೇಟರ್, ಮದುವಿ ನಮ್ಮ ಮನ್ಯಾಗೋ ನಿನ್ನ ಮನ್ಯಾಗೋ? ಇಷ್ಟ ಸಾವಕಾಶ ಬರ್ತಿ?” ಎಂದು ಮದುಮಗಳ ತಂದೆ ಚೇಷ್ಟೆ ಮಾಡಿದರು.

“ಗಾಡಿಗೆ ನಿಮ್ಮ ಕಾರ್ಡ್ ಮುಟ್ಟಿಲ್ಲರಿ, ಅದಕ್ಕ ಲಗೂ ಬರಲಿಲ್ಲ,” ಎಂದು ಅವಳು ನಗುತ್ತಲೇ ಕುಳಿತಳು. ಎಲ್ಲರೂ ನಕ್ಕರು.

ಅವಳು ಐದು ಹಳದಿ ಕಾರ್ಡುಗಳನ್ನು ಟ್ರೇಯಲ್ಲಿಟ್ಟಳು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಯಾವಾಗಲೂ ಐದು ಇಡುತ್ತಿದ್ದಳು. ಪ್ರಿಂಟ್ ಒತ್ತಿದಳು. ಬರಲಿಲ್ಲ. ಪ್ರಿಂಟರಿನ ಪುಟ ತೆರೆದು ನೋಡಿದಳು. ನಿಂತಿತ್ತು. ತಿರುಗಿ ನನ್ನನ್ನು ಕೇಳಿದಳು.

“ಮಾಲಕರ, ನಿನ್ನೆ ನಾ ಹೋದ ಮ್ಯಾಲೆ ಏನರ ಒತ್ತಿದ್ರೇನ್ರಿ?”

ನನಗೆ ಆ ಕ್ಷಣಕ್ಕೆ ಎಲ್ಲ ನೆನಪಾಯಿತು. ನೆನಪಾಗಲಿಲ್ಲ ಎಂದು ಹೇಳಿ ಪಾರಾಗಬಹುದಿತ್ತು, ಹಿಂದೆ ಬರೆದು ಸುಟ್ಟ ಹಾಳೆಗಳಲ್ಲಿ ಹಾಗೆಯೇ ಬರೆದಿದ್ದೆ. ನೆನಪಾಗಿತ್ತು. ಒತ್ತಿದೆ ಎಂದರೆ, ಹತ್ತು ಸಲ ಹೇಳಿದ್ದನ್ನು ಮರೆತೆ ಎಂದು ಗಿರಾಕಿಗಳ ಮುಂದೆ ಒಪ್ಪಿಕೊಂಡಂತೆ. ಅಷ್ಟೇ. ಅಷ್ಟು ಸಣ್ಣ ವಿಷಯ.

“ಇಲ್ಲ,” ಎಂದೆ. “ನಾ ಯಾಕ ಒತ್ತಲಿ? ಲಗೂ ಮಾಡು, ಟೈಮ್ ಆಗಾಕತ್ತೈತಿ.”

ಅವಳು ಸಾಲು ನೋಡಲು ಹೊರಟಿದ್ದ ಕೈಯನ್ನು ತಡೆದು, ಚಾಲೂ ಮಾಡಿದಳು.

ಮಷಿನ್ ಗುಂಯ್ ಎಂದಿತು. ಲೇಸರಿನಲ್ಲಿ ಕಾರ್ಡು ಬೋರಲಾಗಿ ಹೊರಬರುತ್ತದೆ. ಬಿಸಿಯಾದ ಹಳದಿ ಬೆನ್ನಷ್ಟೇ ಕಾಣಿಸಿತು. ಮದುಮಗಳ ಸೋದರತ್ತೆ ಸೆರಗು ಹೊದ್ದು, ಎರಡೂ ಕೈಯಿಂದ ಅದನ್ನು ಎತ್ತಿ, ಕಣ್ಣಿಗೊತ್ತಿಕೊಂಡರು. ಆಮೇಲೆ ತಿರುಗಿಸಿ ನೋಡಿದರು.

ಲಗ್ನದ ಹಳದಿ ಕಾರ್ಡಿನ ಮೇಲೆ ಎರಡು ದೀಪಗಳ ನಡುವೆ ರುಮಾಲು ಸುತ್ತಿದ ಮುದುಕರ ಫೋಟೊ. ಕೆಳಗೆ ಲಿಂಗೈಕ್ಯರಾದ ದಿನ.

ಮದುಮಗಳ ತಾಯಿ ಕೂಗಿದ ಕೂಗಿಗೆ ಓಣಿಯ ಮಂದಿ ಬಾಗಿಲಿಗೆ ಬಂದರು. ಅಷ್ಟರಲ್ಲಿ ಎರಡನೆಯದೂ ಹೊರಬಿತ್ತು. ತಂಗಿ ಟ್ರೇ ಎಳೆದು ಹೊರತೆಗೆದಳು.

“ಏನ್ರಿ ಇದು? ಏನ್ ಅಪಶಕುನ ಇದು?” ಎಂದು ಮದುಮಗಳ ತಂದೆ ಆ ಕಾರ್ಡನ್ನು ನನ್ನ ಮುಂದೆ ಒಗೆದರು. ತಾಯಿ ಗೋಡೆಗೆ ಆತು ಕುಳಿತುಬಿಟ್ಟಿದ್ದರು.

ಸೋದರತ್ತೆಯ ಕಣ್ಣು ಆಗ ತಂಗಿಯ ಹಣೆಯ ಮೇಲೆ ಹೋಯಿತು. ಅಲ್ಲಿಂದ ಕೊರಳಿಗೆ, ಕೊರಳಿಂದ ಕೈಗೆ.

“ಯಾರಾಕಿ?” ಎಂದು ನನ್ನನ್ನು ಕೇಳಿದರು. “ಹಣಿ ನೋಡ್ರಿ ಆಕೀದು. ಇಂಥಾಕಿ ಕೈಲೆ ದೇವರ ಕಾರ್ಡ್ ತಗಿಸೀರೇನು? ಮತ್ತ ಸಾವಿನ ಕಾರ್ಡ್ ಬರಲಾರದ ಏನ್ ಬರತೈತಿ? ಯಾರಾಕಿ ಅಂತೀನಿ!”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಂಗಿಯೂ ನೋಡುತ್ತಿದ್ದಳು.

“ಕೆಲಸದಾಕಿರಿ,” ಎಂದೆ. “ಹೊಸಾಕಿ. ಲಗ್ನದ ಕೆಲಸಕ್ಕ ಕೈ ಹಚ್ಚಬ್ಯಾಡ ಅಂತ ಹೇಳಿದ್ದೆ, ಕೇಳಲಿಲ್ಲ. ಇನ್ನ ಮ್ಯಾಲೆ ಇರಂಗಿಲ್ಲ ಬಿಡ್ರಿ.”

ಒಂದೇ ಉಸಿರಿನಲ್ಲಿ ಇಷ್ಟು ಸುಳ್ಳು ಹೇಳಿದೆ. ಅಪಶಕುನವನ್ನು ನಂಬದವನು, ನನ್ನ ಬೆರಳು ಮಾಡಿದ ತಪ್ಪನ್ನು ಅವಳ ಬರಿ ಹಣೆಯ ಮೇಲೆ ಹೊರಿಸಿದೆ. ಮಂದಿ ಅದನ್ನು ಕೂಡಲೇ ನಂಬಿದರು. ಅವರು ನಂಬುತ್ತಾರೆಂದು ಗೊತ್ತಿದ್ದೇ ಹೇಳಿದ್ದೆ.

ತಂಗಿ ತಿರುಗಿ ಪರದೆ ನೋಡಿದಳು. ಸಾಲನ್ನು ತೆರೆದಳು. ಅಲ್ಲಿ ಉಳಿದ ಕೆಲಸಗಳು ಇದ್ದವು, ಪ್ರತಿಯೊಂದರ ಮುಂದೆ ಒತ್ತಿದ ಹೊತ್ತು ಇತ್ತು. ನಿನ್ನೆ ಸಂಜೆ ಆರೂ ನಲವತ್ತು. ಆ ಹೊತ್ತಿಗೆ ಅವಳು ಬ್ಯಾಡಗಿಯ ಮನೆಯಲ್ಲಿದ್ದಳು. ಪರದೆಯನ್ನು ಸ್ವಲ್ಪ ಆ ಕಡೆ ತಿರುಗಿಸಿದ್ದರೆ ಸಾಕಿತ್ತು, ಮದುಮಗಳ ತಂದೆ ಓದು ಬಲ್ಲವರು. ಅವಳು ತಿರುಗಿಸಲಿಲ್ಲ. ಒಂದೊಂದಾಗಿ ಎಲ್ಲವನ್ನೂ ರದ್ದು ಮಾಡಿದಳು. ಕೆಟ್ಟ ಕಾರ್ಡುಗಳೆರಡನ್ನು ಕಸದ ಬುಟ್ಟಿಗೆ ಹಾಕಲಿಲ್ಲ, ಸತ್ತವರ ಮುಖ ಇತ್ತಲ್ಲ, ಮಡಿಸದೆ ತನ್ನ ಊಟದ ಚೀಲದ ತಳಕ್ಕೆ ಇಳಿಸಿದಳು. ಹೊಸ ಕಾರ್ಡುಗಳನ್ನು ಟ್ರೇಯಲ್ಲಿಡುವಂತೆ ನನಗೆ ಕಣ್ಣಿನಲ್ಲೇ ಹೇಳಿದಳು. ಇಟ್ಟೆ. ಒಮ್ಮೆ ಒತ್ತಿ, ಕುರ್ಚಿಯಿಂದ ಎದ್ದು ಗೋಡೆಯ ಕಡೆ ಸರಿದು ನಿಂತಳು.

“ಈಗ ಬರತೈತ್ರಿ ಮಾಲಕರ. ನೀವ ತಗೀರಿ.”

ಬಂತು. ಸರಿಯಾದ ಕಾರ್ಡು, ಒಂದು ಒತ್ತಕ್ಷರವೂ ಕೆಡದ ಕಾರ್ಡು. ಗಡಿಯಾರದಲ್ಲಿ ಒಂಬತ್ತಕ್ಕೆ ನಾಲ್ಕು ನಿಮಿಷವಿತ್ತು. ನಾನು ಎತ್ತಿ ಕೊಟ್ಟೆ. ಸೋದರತ್ತೆ ಮೂಲೆಗಳಿಗೆ ಅರಿಶಿಣ ಹಚ್ಚುತ್ತ, “ಇವರ ಕೈಗುಣ ಚೊಲೋ ಐತಿ ನೋಡ,” ಎಂದರು.

ಅವರು ಹೋದ ಮೇಲೆ ತಂಗಿ ನಿಂತೇ ನೋಟ್‌ಬುಕ್ಕಿನಲ್ಲಿ ಏನೋ ಎರಡು ಸಾಲು ಬರೆದು, ಕೀಬೋರ್ಡಿನ ಪಕ್ಕ ಇಟ್ಟು, ಚೀಲ ತೆಗೆದುಕೊಂಡಳು. ಬ್ಯಾಡಗಿಯ ಕಡೆ ಗಾಡಿ ಇದ್ದದ್ದು ಮಧ್ಯಾಹ್ನಕ್ಕೆ. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಳೋ, ಬಸ್ಸಿಗೆ ಹೋದಳೋ ನನಗೆ ಗೊತ್ತಿಲ್ಲ. ಹೊರಗೆ ಹೋಗಿ ನೋಡಲಿಲ್ಲ. ಸೋಮವಾರ ಬರುತ್ತಾಳೆ ಎಂದುಕೊಂಡೆ.

ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ.

“ಹೋಗಿ ಕರಕೊಂಡ ಬರ್ರಿ,” ಎಂದಳು ನನ್ನ ಹೆಂಡತಿ. ಅವಳಿಗೆ ನಾನು ಅರ್ಧವೇ ಹೇಳಿದ್ದೆ.

“ಸಿಟ್ಟು ಇಳದ ಮ್ಯಾಲೆ ತಾನ ಬರತಾಳ.”

“ಆಕಿಗೆ ಸಿಟ್ಟು ಬಂದಿದ್ದು ನಾ ಒಮ್ಮೆನೂ ನೋಡಿಲ್ಲ,” ಎಂದಳು ಹೆಂಡತಿ.

ನಾನು ಹೋಗಲಿಲ್ಲ. ಮೊದಲ ವಾರ ನಾಚಿಕೆ. ಆಮೇಲೆ, ಇಷ್ಟು ದಿನ ಬಿಟ್ಟು ಹೋದರೆ ಏನಂದಾಳು ಎಂಬ ಅಳುಕು. ತಿಂಗಳುಗಳಾದ ಮೇಲೆ ಅದು ರೂಢಿಯೇ ಆಗಿಬಿಟ್ಟಿತು. ಟೈಪಿಂಗಿನ ಕೆಲಸವನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟು ಮಾಡಿಸಿಕೊಳ್ಳತೊಡಗಿದೆ. ಕಂಪ್ಯೂಟರಿಗೂ ಪ್ರಿಂಟರಿಗೂ ಒಂದು ಹಳೆಯ ಧೋತರ ಹೊದಿಸಿದೆ. ಆ ಲಗ್ನ ಸುಸೂತ್ರವಾಗಿ ನಡೆಯಿತು. ಅವರೇ ಮುಂದೆ ಎರಡನೆಯ ಮಗಳ ಪತ್ರಿಕೆಗೂ ನನ್ನಲ್ಲಿಗೇ ಬಂದರು, ನನ್ನ ಕೈಗುಣ ನಂಬಿಕೊಂಡು.

ಒಂದು ವರ್ಷದ ಮೇಲೆ ಸಾವಾದ ಯಾರದೋ ಮನೆಗೆ ಮಾತಾಡಿಸಲು ಬ್ಯಾಡಗಿಗೆ ಹೋದವನು, ಪೇಟೆಯ ಹಿಂದಿನ ಓಣಿಯಲ್ಲಿ ಅವಳನ್ನು ಕಂಡೆ. ಒಂದು ಶೆಡ್ಡಿನ ನೆಲದ ಮೇಲೆ ಕೆಂಪು ರಾಶಿಯ ಸುತ್ತ ನಾಲ್ಕು ಹೆಣ್ಣುಮಕ್ಕಳು ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಕಣ್ಣಿನಿಂದ ಅವಳನ್ನು ಗುರುತಿಸಿದೆ. ನಾನು ಸೀನಿದೆ. ಅವಳು ತಲೆಯೆತ್ತಿದಳು.

“ಬಾ ಅಣ್ಣಾ,” ಎಂದಳು. ಬಟ್ಟೆ ಕೆಳಗೆಳೆದು ನಕ್ಕಳು. “ನಮ್ಮೂರಿನ ನಮಸ್ಕಾರ ಮುಟ್ಟಿತೇನು?”

ಪಕ್ಕದಲ್ಲಿದ್ದ ಹೆಣ್ಣುಮಗಳು ಕೇಳಿದಳು, “ಯಾರ ಇವರು?”

“ನಮ್ಮಣ್ಣ. ರಾಣೆಬೆನ್ನೂರಾಗ ಪ್ರೆಸ್ ಐತಿ ಅವರದು.”

ಅಷ್ಟೇ ಸಲೀಸಾಗಿ ಹೇಳಿದಳು. ಅದರಲ್ಲಿ ಚುಚ್ಚು ಇರಲಿಲ್ಲ. ಹುಡುಕಿದೆ, ಇರಲಿಲ್ಲ. ಹೆಮ್ಮೆಯೇ ಇತ್ತು.

“ಪ್ರಿಂಟರ್ ಹೆಂಗೈತಿ? ನಡದೈತೇನು?” ಎಂದು ಕೇಳಿದಳು.

“ನಡದೈತಿ.”

“ಕೇಬಲ್ ಒಂದ ನೋಡ್ಕೋತಿರು. ಬುಕ್ಕಿನಾಗ ಎಲ್ಲಾ ಬರದಿಟ್ಟೇನಿ.” ಕಣ್ಣು ತುರಿಸಿತೋ ಏನೋ, ಕೈಗೆ ಖಾರ ಹತ್ತಿದ್ದರಿಂದ ತೋಳಿನಿಂದ ಒರೆಸಿಕೊಂಡಳು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಒತ್ತಕ್ಷರ ಕೆಡದಂತೆ ಕೂರಿಸುತ್ತಿದ್ದ ಬೆರಳುಗಳು.

ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದಿತ್ತು. ಆ ಮೂವರು ಕೇಳಿಸಿಕೊಳ್ಳುತ್ತಾರಲ್ಲ ಎಂದು ನುಂಗಿದೆ. ಅವಳನ್ನು ಜರಿದದ್ದು ಓಣಿಯ ಮಂದಿಯ ಎದುರಿಗೆ. ತಪ್ಪೊಪ್ಪಲು ಮಾತ್ರ ನನಗೆ ಏಕಾಂತ ಬೇಕಾಗಿತ್ತು. “ಮನಿ ಕಡೆ ಬಾ,” ಎಂದೆ. “ಬರ್ತೀನಿ,” ಎಂದಳು.

ಅವಳು ಬರುವ ಮೊದಲೇ ಹಾವೇರಿಯ ಆಸ್ಪತ್ರೆಯಿಂದ ಸುದ್ದಿ ಬಂತು. ಜ್ವರವೆಂದು ಸೇರಿಸಿದ್ದು, ಜ್ವರವಲ್ಲದ್ದು ಏನೋ ಆಗಿತ್ತು. ಮೂರು ದಿನ ಹೋಗಿ ಬಂದೆ. ಮೊದಲ ದಿನ ಮಂಚದ ಸುತ್ತ ಅವಳ ಅತ್ತೆ, ಮೈದುನ ಇದ್ದರು, ಮೋಸಂಬಿ ಇಟ್ಟು ಬಂದೆ. ಎರಡನೆಯ ದಿನ ಅವಳು ನಿದ್ದೆಯಲ್ಲಿದ್ದಳು, ಎಬ್ಬಿಸಬಾರದೆಂದು ಎದ್ದು ಬಂದೆ. ಮೂರನೆಯ ದಿನ ಅವಳು ಎಚ್ಚರವಾಗಿದ್ದಳು, ಬೇರೆ ಯಾರೂ ಇರಲಿಲ್ಲ. ಕಾಲು ಗಂಟೆ ಕುಳಿತೆ. ಬಸ್ಸಿನ ವಿಷಯ, ಬಿಸಿಲಿನ ವಿಷಯ, ನನ್ನ ಮೊಣಕಾಲಿನ ವಿಷಯ ಮಾತಾಡಿದೆ. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು. ಪೂರ್ತಿ ಗುಣ ಆಗಲಿ, ಆಗ ಹೇಳುತ್ತೇನೆ ಎಂದುಕೊಂಡೆ. ನಾಲ್ಕನೆಯ ದಿನ ನಾನು ಹೋಗುವ ಹೊತ್ತಿಗೆ ಮಂಚದ ಹಾಸಿಗೆ ಮಡಿಸಿದ್ದರು.

ಶಿವಗಣಾರಾಧನೆಯ ಕಾರ್ಡನ್ನು ಬ್ಯಾಡಗಿಯಲ್ಲೇ ಮಾಡಿಸುತ್ತೇವೆ ಎಂದ ಅವಳ ಮೈದುನ. ನಾನು ಮಾಡುತ್ತೇನೆ ಎಂದು ಹಟ ಹಿಡಿದೆ. ಧೋತರ ತೆಗೆದು, ಧೂಳು ಒರೆಸಿ, ಕಂಪ್ಯೂಟರಿನ ಮುಂದೆ ಮೊದಲ ಬಾರಿ ನಾನೇ ಟೈಪ್ ಮಾಡಲು ಕುಳಿತೆ. ಒಂದೊಂದು ಅಕ್ಷರ ಹುಡುಕಿ ಒತ್ತಿ ಬರೆಯಲು ಬೆಳಿಗ್ಗೆಯಿಂದ ಮಧ್ಯಾಹ್ನವಾಯಿತು. ಪ್ರಿಂಟ್ ಒತ್ತಿದೆ. ಬರಲಿಲ್ಲ. ಎರಡನೆಯ ಸಲ ಒತ್ತಲು ಹೋದ ಬೆರಳನ್ನು ಎತ್ತಿಕೊಂಡು, ಅವಳ ನೋಟ್‌ಬುಕ್ಕು ತೆಗೆದೆ.

ಎಲ್ಲ ಇತ್ತು. ಕೇಬಲ್ ಎರಡೂ ತುದಿ ನೋಡುವುದು. ಪ್ರಿಂಟರಿನ ಪುಟ ತೆರೆಯುವುದು ಹೇಗೆ. ‘ನಿಂತಿದೆ’ ಎಂದಿದ್ದರೆ ಏನು ಮಾಡುವುದು. ಎಲ್ಲಿ ಒತ್ತಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಚಿತ್ರ. ಕಂಪ್ಯೂಟರ್ ಬಾರದ ಒಬ್ಬ ಮುದುಕನಿಗೆ ತಿಳಿಯಲಿ ಎಂದೇ ಬರೆದಂತಿತ್ತು. ಪುಟ ತಿರುವುತ್ತ ಕೊನೆಯ ಬರಹಕ್ಕೆ ಬಂದೆ. ಆ ಶನಿವಾರ ನಿಂತೇ ಬರೆದ ಎರಡು ಸಾಲು.

‘ನಿನ್ನೆ ಸಂಜೆ 6.40ರ ಐದು ಕೆಲಸ ಸಾಲಿನಲ್ಲಿ ಉಳಿದಿದ್ದವು. ಸಾಲು ನೋಡದೆ ಚಾಲೂ ಮಾಡಿದೆ, ನನ್ನ ತಪ್ಪು.’

ಯಾರು ಒತ್ತಿದ್ದು ಎಂದು ಬರೆದಿರಲಿಲ್ಲ.

ಅವಳು ಹೇಳಿಕೊಟ್ಟ ಹಾಗೆ ಮೊದಲು ಸಾಲು ನೋಡಿದೆ. ಒಂದೇ ಕೆಲಸವಿತ್ತು, ಈಗ ಕೊಟ್ಟದ್ದು. ಚಾಲೂ ಮಾಡಿದೆ. ಕಾರ್ಡು ಬೋರಲಾಗಿ ಹೊರಬಂತು. ಬಹಳ ಹೊತ್ತು ಅದನ್ನು ತಿರುಗಿಸಲಿಲ್ಲ.

ಆ ಸೋದರತ್ತೆ ಈಗ ಇದ್ದಾರೋ ಇಲ್ಲವೋ. ಇದ್ದು, ಯಾರಾದರೂ ಇದನ್ನು ಓದಿ ಹೇಳಿದರೆ ಕೇಳಲಿ. ಅಂದು ಓಣಿಯ ಮಂದಿಯ ಮುಂದೆ ಯಾರಾಕಿ, ಯಾರಾಕಿ ಎಂದು ಎರಡು ಸಲ ಕೇಳಿದರು. ಉತ್ತರ ನನ್ನ ಬಳಿ ಇತ್ತು. ಒತ್ತಿದವನು ನಾನು. ನಿಮ್ಮ ಮನೆಯ ದೇವರ ಕಾರ್ಡನ್ನು ಒಂದು ಒತ್ತಕ್ಷರ ಕೆಡದಂತೆ ತೆಗೆದುಕೊಟ್ಟವಳು ಅವಳು. ಆಕಿ ಕೆಲಸದಾಕಿ ಅಲ್ಲರಿ. ನನ್ನ ತಂಗಿ.